ನುಂಗಿ, ಹೆಸರು ಹೇಳು

ದೋಣಿಯಿಂದ ಇಳಿಯುವಾಗಲೇ ನನಗೆ ಗೊತ್ತಾಗುತ್ತದೆ
ಯಾರು ಮದುವೆಗೆ, ಯಾರು ಕೋರ್ಟಿಗೆ,
ಯಾರು ಮಾಲಿಂಡಿಯ ಆ ಹಸಿರು ಗೇಟಿಗೆ.
ಗೇಟಿನವರ ಕೈಯಲ್ಲಿ ಚೀಲ ಇರುವುದಿಲ್ಲ.
ಈ ಸೆಕೆಯಲ್ಲೂ ಸ್ವೆಟರು, ಅಂಗೈ ಕಂಕುಳಲ್ಲಿ.
ಆಕಳಿಸುತ್ತಾರೆ. ನಿದ್ದೆಗೆಟ್ಟವರ ಆಕಳಿಕೆಯಲ್ಲ ಅದು,
ಮೈಗೆ ಮೈಯೇ ಬಾಯಿ ಬಿಟ್ಟು ಕೇಳುವುದು.

ಮೊಕೊವೆ ಜೆಟ್ಟಿ, ಬೆಳಗಿನ ಜಾವ ನಾಲ್ಕೂವರೆ.
ಅಥ್ಮಾನ್ ನಾನು, ಈ ಬಸ್ಸಿನ ಕಂಡಕ್ಟರು.
ಹಿಂದಿನ ಮೂರು ಸಾಲು ಅವರದೇ, ಹನ್ನೊಂದು ಜನ.
ಔಷಧಿ ಪುಕ್ಕಟೆ; ದಾರಿಗೆ ದುಡ್ಡು.
ಹೋಗೋದಕ್ಕೆ ಐನೂರು, ಬರೋದಕ್ಕೆ ಐನೂರು,
ನಾಳೆ ಮತ್ತೆ ಹೋಗೋದಕ್ಕೆ ಐನೂರು.
ಪುಡಿಯ ಪೊಟ್ಟಣವೋ, ಇನ್ನೂರಕ್ಕೆ
ಓಣಿಯ ಬಾಗಿಲಿಗೇ ಬಂದು ಬೀಳುತ್ತದೆ,
ದಾಟಬೇಕಾದ ಕಡಲಿಲ್ಲ, ಸರದಿಯಿಲ್ಲ.
ಟಿಕೆಟ್ಟು ಹರಿಯುವ ನನಗೇ ಬರುವ ಈ ಲೆಕ್ಕ
ಯಾರಿಗೆ ಬರಬೇಕೋ ಅವರಿಗೆ ಬಂದಿಲ್ಲ.

ಬ್ವಾನಮ್ಕು, ಹಾಯಿದೋಣಿಯ ಸಂದಿಗೆ ಹತ್ತಿ ತುರುಕುವವನು.
ಹಲಗೆ ಮುಟ್ಟಿ ಹೇಳುತ್ತಿದ್ದ, ನೀರು ಎಲ್ಲಿಂದ ಬರುತ್ತದೆಂದು.
ಮ್ವಾನಖೇರಿ, ಮದುಮಗಳ ಕಾಲಿಗೆ ಮದರಂಗಿ ಬರೆಯುವವಳು.
ಕೈ ನಡುಗಿ ಬಳ್ಳಿ ಅಡ್ಡಾದಿಡ್ಡಿ ಹರಿದ ಆ ರಾತ್ರಿಯಿಂದ
ಅವಳನ್ನು ಯಾರೂ ಕರೆದಿಲ್ಲ.
ಶೀ, ಹತ್ತೊಂಬತ್ತರ ಹುಡುಗ, ಕಿಟಕಿ ಬಿಡುವುದಿಲ್ಲ.
ಉಳಿದವರ ಬಗ್ಗೆ ನಾನು ಹೇಳಬಾರದು,
ಅವರ ಹೆಂಡಿರು ಮಕ್ಕಳೂ ಇದೇ ಬಸ್ಸಲ್ಲಿ ಓಡಾಡುತ್ತಾರೆ.

ನಮ್ಮ ದ್ವೀಪದಲ್ಲಿ ಕತ್ತೆಗಳಿಗೊಂದು ಆಸ್ಪತ್ರೆಯಿದೆ.
ಕಾಲು ಊನವಾದರೆ ಕಾಸು ಕೇಳದೆ ಪಟ್ಟಿ ಕಟ್ಟುತ್ತಾರೆ,
ಒಳ್ಳೆಯ ಜನ, ಸುಳ್ಳು ಹೇಳಬಾರದು.
ನನ್ನ ತಮ್ಮ ಫೂಮೋ
ಅದರ ಜಗಲಿಯ ಮೇಲೇ ಸಿಕ್ಕಿದ, ಒಂದು ಶುಕ್ರವಾರ,
ತುಟಿ ನೀಲಿ, ಚಪ್ಪಲಿ ಜೋಡಿಸಿಟ್ಟು.
ಆಗ ಗೇಟೂ ಇರಲಿಲ್ಲ, ಹೋಗಲು ಬಸ್ಸೂ.

ಕಾಡು ಶುರುವಾಗುವಲ್ಲಿ ಪೊಲೀಸರು ತಡೆಯುತ್ತಾರೆ,
ಬೆಂಗಾವಲಿನ ಗಾಡಿ ಬರಬೇಕು.
ಅರ್ಧ ಗಂಟೆ. ಒಂದು ಗಂಟೆ. ಅವರು ಚಹಾ ಕುಡಿಯುತ್ತಾರೆ.
ಹನ್ನೆರಡಕ್ಕೆ ಅಲ್ಲಿ ಕಿಟಕಿ ಮುಚ್ಚುತ್ತದೆ.
ಹಿಂದಿನ ಸಾಲಿನಲ್ಲಿ ಮೊಣಕಾಲುಗಳು ಕುಣಿಯತೊಡಗುತ್ತವೆ,
ಇಡೀ ಬಸ್ಸು ಇಂಜಿನ್ನಿಲ್ಲದೆ ಅದುರುತ್ತದೆ.

ಒಂದು ಸಲ ಒಳಗೆ ಹೋಗಿ ನೋಡಿದೆ.
ನರ್ಸ್ ಕಡ್ಜೊ, ಗಾಜಿನ ಆಚೆ, ಬೆರಳುದ್ದದ ಲೋಟ.
ಕುಡಿದ ಮೇಲೆ ಕೇಳುತ್ತಾಳೆ: ನುಂಗಿದೆಯಾ? ಹೆಸರು ಹೇಳು.
ಬಾಯಲ್ಲಿಟ್ಟುಕೊಂಡು ಹೊರಗೆ ಮಾರದಿರಲಿ ಅಂತ, ಅಷ್ಟೇ.
ಆದರೆ ಊರಿನ ಪಾಲಿಗೆ ಒಂದೇ ಹೆಸರಾಗಿ ಹೋದವರು,
ಮತೇಜಾ, ಮತೇಜಾ ಅಂತ ಮಕ್ಕಳೂ ಕಲ್ಲೆಸೆಯುವವರು,
ಒಬ್ಬೊಬ್ಬರಾಗಿ, ಗಂಟಲು ಸರಿಮಾಡಿಕೊಂಡು,
ಅಪ್ಪನ ಹೆಸರು ಅಜ್ಜನ ಹೆಸರು ಸೇರಿಸಿ
ಉದ್ದಕ್ಕೆ ಹೇಳುತ್ತಿದ್ದರು.
ಕಡ್ಜೊ ಯಾರನ್ನೂ ಅರ್ಧಕ್ಕೆ ತಡೆಯಲಿಲ್ಲ.

ಇವತ್ತು ಹತ್ತೇ ಜನ.
ಬ್ವಾನಮ್ಕು ಬಾರದೆ ಇದು ಮೂರನೇ ದಿನ.
ಇನ್ನು ಬಂದರೂ ಅಳತೆ ಇಳಿಸುತ್ತಾರೆ,
ಮಗುವಿನ ಕೆಮ್ಮಿಗೆ ಕೊಡುವಷ್ಟು, ಮೊದಲಿನಿಂದ.
ತಾನಾ ನದಿಯ ಸೇತುವೆ ಬರುವ ತನಕ
ಅವನ ಸೀಟು ಮಾರಲಿಲ್ಲ. ಆಮೇಲೆ ಮಾರಿದೆ,
ಕೋಳಿ ಹಿಡಿದ ಒಬ್ಬ ಹೆಂಗಸಿಗೆ.
ನನಗೂ ಮಾಲೀಕನಿದ್ದಾನೆ.

ವಾಪಸು ಬರುವಾಗ ಎಲ್ಲರಿಗೂ ನಿದ್ದೆ,
ಶೀಯ ಹಣೆ ಕಿಟಕಿಗೆ ಬಡಿದುಕೊಳ್ಳುತ್ತ.
ಮ್ವಾನಖೇರಿ ಮಾತ್ರ ನನ್ನ ಬಾಲ್‌ಪೆನ್ನು ಕೇಳಿ ತೆಗೆದುಕೊಂಡು
ತನ್ನದೇ ಎಡ ಅಂಗೈ ಮೇಲೆ ಬರೆಯುತ್ತಿದ್ದಳು:
ಒಂದು ಎಸಳು, ಅದಕ್ಕೆ ತಾಗಿ ಇನ್ನೊಂದು,
ಮಣಿಕಟ್ಟು ದಾಟಿ ಹಬ್ಬಿದ ಬಳ್ಳಿ,
ಹಳೆಯ ಸೂಜಿಯ ಕಲೆಗಳ ನಡುವೆ ದಾರಿ ಹುಡುಕಿ.
ಗಾರ್ಸೆನ್ ದಾಟಿದ ಮೇಲೆ ಗುಂಡಿ ಹಾರಿ
ಗೆರೆ ಸೊಟ್ಟಗೆ ಜಾರಿತು.
ನಾನು ನೋಡಿದ್ದನ್ನು ನೋಡಿ, ಪೆನ್ನು ಎತ್ತದೆ ಹೇಳಿದಳು:
ಅದು ರಸ್ತೆಯದು, ನನ್ನದಲ್ಲ.